ಬ್ಯಾಚ್ ಕೆಲಸಗಳಿಗೆ ತಾತ್ಕಾಲಿಕ ಡಿಸ್ಕ್ ಸ್ಥಳ: ಅಂದಾಜಿನ ಕ್ರಮ

ಕಾರ್ಖಾನೆಯಲ್ಲಿ ಕಚ್ಚಾ ಸಾಮಗ್ರಿಗೂ ಸಿದ್ಧವಸ್ತುವಿಗೂ ಗೋದಾಮು ಇದ್ದರೆ ಸಾಲದು. ಎರಡರ ನಡುವಿನ ಅರೆಸಿದ್ಧ ಸರಕಿಗೂ ಜಾಗ ಬೇಕು. ಆ ಜಾಗ ಸಾಲದಿದ್ದರೆ ಯಂತ್ರಗಳು ನಿಲ್ಲುತ್ತವೆ. ದೊಡ್ಡ ಬ್ಯಾಂಕು, ವಿಮಾ ಸಂಸ್ಥೆಗಳ ಮೇನ್‌ಫ್ರೇಮ್ ಗಣಕಗಳಲ್ಲಿ ರಾತ್ರಿ ನಡೆಯುವ ಬ್ಯಾಚ್ ಕೆಲಸಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಒಂದು ಹಂತದ ಫಲಿತಾಂಶವು ಮುಂದಿನ ಹಂತ ಓದುವವರೆಗೆ ತಾತ್ಕಾಲಿಕ ಕಡತದಲ್ಲಿದ್ದು, ಕೆಲಸ ಮುಗಿದೊಡನೆ ಅಳಿದುಹೋಗುತ್ತದೆ. ವಿದೇಶಿ ಗ್ರಾಹಕರ ಇಂಥ ಗಣಕಗಳನ್ನು ಬೆಂಗಳೂರಿನ ಅನೇಕ ತಂತ್ರಾಂಶ ಸಂಸ್ಥೆಗಳು ನಿರ್ವಹಿಸುತ್ತಿರುವುದರಿಂದ ಈ ಲೆಕ್ಕ ನಮಗೆ ದೂರದ್ದಲ್ಲ.

ಅಳತೆಯ ಮಾನ

ಐಬಿಎಂ ಸಂಸ್ಥೆಯ 3390 ಮಾದರಿಯ ಡಿಸ್ಕ್ 1989ರಲ್ಲಿ ಬಂದಿತು. ಇಂದಿನ ಶೇಖರಣಾ ಸಾಧನಗಳ ಒಳರಚನೆ ಬೇರೆಯಾದರೂ ಲೆಕ್ಕ ನಡೆಯುವುದು ಅದೇ ಮಾನದಲ್ಲಿ. ಒಂದು ಟ್ರ್ಯಾಕ್‌ನಲ್ಲಿ ಗರಿಷ್ಠ 56,664 ಬೈಟ್. 15 ಟ್ರ್ಯಾಕ್ ಸೇರಿ ಒಂದು ಸಿಲಿಂಡರ್. ದಾಖಲೆಗಳನ್ನು ಒಟ್ಟುಗೂಡಿಸಿ ಬರೆಯುವ ಕಟ್ಟಿಗೆ ಬ್ಲಾಕ್ ಎಂದು ಹೆಸರು. ಒಂದು ಬ್ಲಾಕ್ 27,998 ಬೈಟ್ ಮೀರದಿದ್ದರೆ ಟ್ರ್ಯಾಕ್‌ಗೆ ಎರಡು ಬ್ಲಾಕ್ ಹಿಡಿಯುತ್ತವೆ.

ಉದಾಹರಣೆ

ತಲಾ 100 ಬೈಟ್‌ನ 20 ಲಕ್ಷ ದಾಖಲೆಗಳಿವೆ ಎಂದು ಭಾವಿಸೋಣ.

1. ಬ್ಲಾಕ್ ಗಾತ್ರ 27,900 ಬೈಟ್. ಅದರಲ್ಲಿ 279 ದಾಖಲೆ.
2. ಟ್ರ್ಯಾಕ್‌ಗೆ 2 ಬ್ಲಾಕ್, ಅಂದರೆ 558 ದಾಖಲೆ.
3. ಸಿಲಿಂಡರ್‌ಗೆ 558 × 15 = 8,370 ದಾಖಲೆ.
4. 20,00,000 ÷ 8,370 = ಸುಮಾರು 238.9, ಅಂದರೆ 239 ಸಿಲಿಂಡರ್.

ಬ್ಲಾಕ್ ಮಾಡದೆ ಒಂದೊಂದೇ ದಾಖಲೆ ಬರೆದರೆ, ಪ್ರತಿಯೊಂದರ ನಡುವೆ ಬಿಡುವ ಅಂತರದಿಂದಾಗಿ ಟ್ರ್ಯಾಕ್‌ಗೆ ಹಿಡಿಯುವುದು 75 ದಾಖಲೆ ಮಾತ್ರ. ಆಗ ಅದೇ ಮಾಹಿತಿಗೆ 1,778 ಸಿಲಿಂಡರ್, ಅಂದರೆ ಏಳು ಪಟ್ಟಿಗೂ ಅಧಿಕ ಸ್ಥಳ ಬೇಕಾಗುತ್ತದೆ. ಆದುದರಿಂದ ಹೊಸ ಡಿಸ್ಕ್ ಕೊಳ್ಳುವ ಮೊದಲು ಬ್ಲಾಕ್ ಗಾತ್ರವನ್ನು ಪರಿಶೀಲಿಸುವುದು ಲೇಸು.

ಮೊದಲ ಕಂತು, ಹೆಚ್ಚುವರಿ ಕಂತು

ಸ್ಥಳವನ್ನು ಕೇಳುವಾಗ ಮೊದಲ ಕಂತನ್ನೂ ಅದು ತುಂಬಿದ ಮೇಲಿನ ಹೆಚ್ಚುವರಿ ಕಂತನ್ನೂ ನಮೂದಿಸಬೇಕು. ಸಾಮಾನ್ಯ ಅನುಕ್ರಮ ಕಡತಕ್ಕೆ ಒಂದು ಡಿಸ್ಕ್‌ನಲ್ಲಿ ದೊರೆಯುವುದು ಗರಿಷ್ಠ 16 ತುಂಡು. ಮೊದಲ ಕಂತೇ 5 ತುಂಡುಗಳಾಗಿ ಹಂಚಿಹೋಗಬಹುದು. ಆಗ ಹೆಚ್ಚುವರಿಗೆ ಉಳಿಯುವುದು 11.

ವರ್ಷಾಂತ್ಯಕ್ಕೆ ದಾಖಲೆಗಳು ಶೇ. 20ರಷ್ಟು ಹೆಚ್ಚಿದರೆ 287 ಸಿಲಿಂಡರ್ ಬೇಕು. ಮೊದಲ ಕಂತು 240, ಹೆಚ್ಚುವರಿ 2 ಎಂದು ಕೇಳಿದ್ದರೆ ದೊರೆಯುವುದು ಗರಿಷ್ಠ 240 + 30 = 270 ಮಾತ್ರ. ವರ್ಷವಿಡೀ ಸರಾಗವಾಗಿ ನಡೆದ ಕೆಲಸ ಅದೇ ರಾತ್ರಿ ಬಿ37 ಎಂಬ ದೋಷಸಂಕೇತದೊಂದಿಗೆ ನಿಲ್ಲುತ್ತದೆ. ಹೆಚ್ಚುವರಿಯನ್ನು 24 ಎಂದಿಟ್ಟರೆ, ಮೊದಲ ಕಂತು 5 ತುಂಡಾದರೂ 240 + 264 = 504 ಸಿಲಿಂಡರ್ ಲಭ್ಯ. ಹೆಚ್ಚುವರಿಯನ್ನೇ ನಮೂದಿಸದೆ ಮೊದಲ ಕಂತು ತುಂಬಿದರೆ ಬರುವ ಸಂಕೇತ ಡಿ37.

ವಿಂಗಡಣೆಗೆ ಪ್ರತ್ಯೇಕ ಸ್ಥಳ

ದಾಖಲೆಗಳನ್ನು ಕ್ರಮವಾಗಿ ವಿಂಗಡಿಸುವ ಹಂತಕ್ಕೆ ಮೂಲ ಕಡತದ ಒಂದೂವರೆಯಿಂದ ಎರಡು ಪಟ್ಟು ಕಾರ್ಯಸ್ಥಳವನ್ನು ಇಟ್ಟುಕೊಳ್ಳುವುದು ರೂಢಿ. ಮೇಲಿನ ಉದಾಹರಣೆಯಲ್ಲಿ ಇದು 359ರಿಂದ 478 ಸಿಲಿಂಡರ್.

ಅತಿ ಅಂದಾಜೂ ದೋಷವೇ

ಭಯದಿಂದ ಮೊದಲ ಕಂತನ್ನು ವಿಪರೀತ ಹೆಚ್ಚಿಸಿದರೆ, ಅಷ್ಟು ಸ್ಥಳ ಒಮ್ಮೆಗೇ ಸಿಗದೆ ಕೆಲಸ ಆರಂಭವೇ ಆಗದಿರಬಹುದು. ಸಿಕ್ಕರೂ ಅದೇ ಹೊತ್ತಿನ ಇತರ ಕೆಲಸಗಳಿಗೆ ಕೊರತೆಯಾಗುತ್ತದೆ.

ಆದುದರಿಂದ ಸಾಧಾರಣ ದಿನದ ಅಗತ್ಯ ಮೊದಲ ಕಂತಿಗೆ, ವರ್ಷಾಂತ್ಯದ ಏರಿಕೆ ಹೆಚ್ಚುವರಿ ಕಂತಿಗೆ ಎಂಬುದು ಹಿತಕರ ಸೂತ್ರ. ದುಡಿಯುವ ಬಂಡವಾಳದ ಅಂದಾಜಿನಲ್ಲಿ ವರ್ತಕರು ಅನುಸರಿಸುವುದೂ ಇದನ್ನೇ: ಸರಾಸರಿಗೆ ಒಂದು ಏರ್ಪಾಡು, ಹಂಗಾಮಿನ ಒತ್ತಡಕ್ಕೆ ಇನ್ನೊಂದು, ಎರಡನ್ನೂ ಪ್ರತಿವರ್ಷ ಹೊಸ ಅಂಕಿಗಳಿಂದ ಮರುಪರಿಶೀಲಿಸುವುದು.