ಹಿತ್ತಲ ಕೋಳಿಗಳಿಗೆ ಮನೆಯಲ್ಲೇ ತಯಾರಿಸುವ ಆಹಾರದ ಡಬ್ಬಿ

ಹತ್ತಿಪ್ಪತ್ತು ಕೋಳಿಗಳನ್ನು ಹಿತ್ತಲಲ್ಲಿ ಬಿಟ್ಟು ಸಾಕುವುದು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿ. ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಒಂದು ಬೊಗಸೆ ಜೋಳ ಚೆಲ್ಲುವುದು, ಸಂಜೆ ಬುಟ್ಟಿಯಡಿ ಮುಚ್ಚುವ ಮುನ್ನ ಮತ್ತೊಂದು ಬೊಗಸೆ ಚೆಲ್ಲುವುದು. ಅವುಗಳ ಆರೈಕೆ ಇಷ್ಟೇ. ವರ್ಷಕ್ಕೆ 50-60 ತತ್ತಿ ಇಡುವ ಜವಾರಿ ಕೋಳಿಗೆ ಇದು ಹೇಗೋ ಸಾಲುತ್ತಿತ್ತು. ಆದರೆ 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಬಿಡುಗಡೆ ಮಾಡಿದ ಗಿರಿರಾಜ, ಅನಂತರ ಬಂದ ಸ್ವರ್ಣಧಾರ ಮುಂತಾದ ತಳಿಗಳು ಹಿತ್ತಲಿಗೆ ಬಂದ ಮೇಲೆ ಲೆಕ್ಕ ಬದಲಾಗಿದೆ. ಇವು ಜವಾರಿ ಕೋಳಿಯ ಎರಡು ಮೂರು ಪಟ್ಟು ತತ್ತಿ ಇಡುವುದು ನಿಜ. ಆದರೆ ಕೆದರಿ ತಿಂದ ಹುಳುಹುಪ್ಪಡಿ, ಹುಲ್ಲು, ಮುಸುರೆಗಳ ಜೊತೆಗೆ ಪ್ರತಿ ಕೋಳಿಗೂ ದಿನಕ್ಕೆ 50ರಿಂದ 60 ಗ್ರಾಂ ಒಳ್ಳೆಯ ಆಹಾರ ಕೊಡದಿದ್ದರೆ ಅಷ್ಟು ತತ್ತಿ ಬರುವುದಿಲ್ಲ. ತತ್ತಿಯ ಹಣ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯ ಹಣ. ಅದು ಉಳಿಯುವುದೂ ಕರಗುವುದೂ ಈ ಆಹಾರದ ಖರ್ಚಿನ ಮೇಲೆಯೇ ನಿಂತಿದೆ.

20 ಕೋಳಿಗಳಿಗೆ ತಲಾ 60 ಗ್ರಾಮಿನಂತೆ ದಿನಕ್ಕೆ 1.2 ಕಿಲೋ ಆಹಾರ ಬೇಕು. ಅದರಲ್ಲಿ ಐದನೇ ಒಂದು ಪಾಲು ಚೆಲ್ಲಿ ಹಾಳಾಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 88 ಕಿಲೋ ಆಯಿತು. ಎಕರೆಗೆ 4 ಕ್ವಿಂಟಲ್ ಹಿಂಗಾರಿ ಜೋಳ ಬರುವ ಹೊಲದಲ್ಲಿ ಇದು ಹೆಚ್ಚುಕಡಿಮೆ ಒಂಬತ್ತು ಗುಂಟೆಯ ಬೆಳೆ. ಬೇಸಾಯಶಾಸ್ತ್ರದವರಿಗೆ ಕೋಳಿಯ ಡಬ್ಬಿಯ ಗೊಡವೆ ಏಕೆಂದು ಕೇಳುವವರಿಗೆ ಈ ಒಂಬತ್ತು ಗುಂಟೆಯೇ ಉತ್ತರ.

ನಿಮ್ಮ ಹಿತ್ತಲಿನಲ್ಲಿ ಎಷ್ಟು ಚೆಲ್ಲುತ್ತದೆ ಎಂಬುದನ್ನು ನೀವೇ ನೋಡಬಹುದು. ಈಗ ಕಾಳು ಹಾಕುವ ತಾಟಿನ ಕೆಳಗೆ ಒಂದು ಗೋಣಿಚೀಲ ಹಾಸಿರಿ. ಸಂಜೆ ಚೀಲದ ಮೇಲೆ ಬಿದ್ದದ್ದನ್ನು ಹಿಕ್ಕೆ, ಮಣ್ಣು ಬೇರ್ಪಡಿಸಿ ತೂಗಿರಿ. ಮೂರು ದಿನ ಹೀಗೆ ಮಾಡಿದರೆ ಅಂದಾಜು ಸಿಗುತ್ತದೆ. ಡಬ್ಬಿ ಮಾಡಿದ ಮೇಲೂ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.

ಡಬ್ಬಿ ಕೆಲಸ ಮಾಡುವ ಬಗೆ

ಕಣದಲ್ಲಿ ಜೋಳದ ರಾಶಿ ಹಾಕುವಾಗ ಎಷ್ಟೇ ಸುರಿದರೂ ರಾಶಿಯ ಇಳಿಜಾರು ಒಂದೇ ಬಗೆಯಾಗಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಒಣಗಿದ ಕಾಳು ಸುಮಾರು 30 ಅಂಶದ ಇಳಿಜಾರಿನಲ್ಲಿ ನಿಲ್ಲುತ್ತದೆ; ತೌಡು, ಹಿಂಡಿ ಬೆರೆಸಿದ ಹಿಟ್ಟಿನ ಆಹಾರ 45 ಅಂಶಕ್ಕೂ ಕಡಿದಾಗಿ ನಿಲ್ಲಬಲ್ಲದು. ಡಬ್ಬಿಯ ತಳದಲ್ಲಿ ಸಂದು ಬಿಟ್ಟರೆ ಆಹಾರ ತಾಟಿಗೆ ಹರಿದು ಬಂದು, ಈ ಇಳಿಜಾರು ತುಂಬಿದೊಡನೆ ತಾನಾಗಿಯೇ ನಿಲ್ಲುತ್ತದೆ. ಕೋಳಿ ತಿಂದಷ್ಟೂ ಮತ್ತೆ ಇಳಿಯುತ್ತದೆ. ಸಂದು 4 ಸೆಂ.ಮೀ. ಎತ್ತರವಿದ್ದರೆ ಕಾಳು ಸುಮಾರು 7 ಸೆಂ.ಮೀ. ಹೊರಗೆ ಹರಿಯುತ್ತದೆ, ಹಿಟ್ಟಿನ ಆಹಾರ 4 ಸೆಂ.ಮೀ. ಮಾತ್ರ. ಆದ್ದರಿಂದ ಸಂದಿನ ಎತ್ತರವೇ ಈ ಸಾಧನದ ಜೀವ. ಸಂದು ಹೆಚ್ಚಾದರೆ ತಾಟು ಅಂಚಿನವರೆಗೆ ತುಂಬಿ ಕೋಳಿ ಕೊಕ್ಕಿನಿಂದ ಹೊರಕ್ಕೆ ಎಳೆದು ಚೆಲ್ಲುತ್ತದೆ. ಕಡಿಮೆಯಾದರೆ ಹಿಟ್ಟು ಒಳಗೇ ಕಮಾನು ಕಟ್ಟಿ ನಿಂತು, ಡಬ್ಬಿ ತುಂಬಿದ್ದರೂ ಕೋಳಿ ಉಪವಾಸ ಬೀಳುತ್ತದೆ.

ತಯಾರಿಸುವ ಕ್ರಮ

ಖಾನಾವಳಿ, ಬೇಕರಿ, ಮಿರ್ಚಿ ಭಜಿ ಅಂಗಡಿಗಳಲ್ಲಿ 15 ಕಿಲೋ ಅಡುಗೆ ಎಣ್ಣೆಯ ಖಾಲಿ ತಗಡಿನ ಡಬ್ಬಿಗಳು ಸುಲಭವಾಗಿ ದೊರೆಯುತ್ತವೆ. ಅಂಥದೊಂದು ಡಬ್ಬಿ, 45 ಸೆಂ.ಮೀ. ಅಗಲದ ಒಂದು ಪರಾತ, ಎರಡು ಮೂರು ಅಡಿ ತಗಡು, ನಾಲ್ಕು ನಟ್-ಬೋಲ್ಟು, ಒಂದಿಷ್ಟು ದಪ್ಪ ತಂತಿ ಇದ್ದರೆ ಸಾಕು. ಕೀಟನಾಶಕ, ಕಳೆನಾಶಕ ಅಥವಾ ಬಣ್ಣದ ಡಬ್ಬಿಗಳನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ಬಳಸಕೂಡದು. ಸೋಡಾ, ಬೂದಿ ಹಾಕಿ ತಿಕ್ಕಿದರೆ ವಾಸನೆ ಹೋಗಬಹುದು, ವಿಷ ಹೋಯಿತೆಂಬ ಭರವಸೆ ಇಲ್ಲ. ಅದು ಕೋಳಿಯ ಮೂಲಕ ತತ್ತಿಗೆ, ತತ್ತಿಯ ಮೂಲಕ ಮನೆಯ ಮಕ್ಕಳಿಗೆ ತಲುಪುತ್ತದೆ.

ಮೊದಲು ಎಣ್ಣೆಯ ಡಬ್ಬಿಯನ್ನು ಬಿಸಿನೀರು, ಸಾಬೂನಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು. ಮೇಲಿನ ಮುಚ್ಚಿಗೆಯನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ತಳದಲ್ಲಿ, ಜೋಡಣೆಯ ಪಟ್ಟಿಯನ್ನು ಹಾಗೆಯೇ ಬಿಟ್ಟು ಅದರ ಮೇಲಿನಿಂದ, ನಾಲ್ಕೂ ಬದಿಗೆ 4 ಸೆಂ.ಮೀ. ಎತ್ತರದ ಕಿಂಡಿ ಕೊಯ್ಯಬೇಕು. ಪ್ರತಿ ಮೂಲೆಯಲ್ಲಿ ಎರಡೂ ಕಡೆಗೆ 3 ಸೆಂ.ಮೀ. ತಗಡು ಉಳಿಯಬೇಕು, ಡಬ್ಬಿಯ ಭಾರ ಹೊರುವುದು ಈ ಮೂಲೆಗಳೇ. ಕೊಯ್ಯುವಾಗ ತಗಡಿನ ತುಂಡನ್ನು ಬೇರ್ಪಡಿಸದೆ ಕೆಳಗಂಚು ಮತ್ತು ಎರಡು ಪಕ್ಕಗಳನ್ನಷ್ಟೇ ಕತ್ತರಿಸಿ, ಎಲೆಯನ್ನು ಮೇಲಕ್ಕೆ ಮಡಚಿ ಸುತ್ತಿಗೆಯಿಂದ ತಟ್ಟಿದರೆ ಅಂಚು ಮೊಂಡಾಗುತ್ತದೆ. ಉಳಿದ ಅಂಚುಗಳನ್ನು ಅರದಿಂದ ಉಜ್ಜಬೇಕು. ಹರಿತವಾದ ತಗಡಿಗೆ ಕೋಳಿಯ ಕುತ್ತಿಗೆ, ಜುಟ್ಟು ಗೀರಿ ರಕ್ತ ಬಂದರೆ ಉಳಿದ ಕೋಳಿಗಳು ಅಲ್ಲಿಯೇ ಕುಕ್ಕಲು ತೊಡಗುತ್ತವೆ.

ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆಗ ಕಿಂಡಿಗಳ ಬಳಿಯ ಆಹಾರ ಇಳಿಯುತ್ತದೆ, ನಡುವಿನದು ವಾರಗಟ್ಟಲೆ ಕದಲದೆ ಕುಳಿತು ಕೆಡುತ್ತದೆ. ಇದನ್ನು ತಪ್ಪಿಸಲು ಡಬ್ಬಿಯೊಳಗೆ ಒಂದು ಶಂಕು ಕೂಡಿಸುವುದು ಅವಶ್ಯ. 22 ಸೆಂ.ಮೀ. ತ್ರಿಜ್ಯದ ಅರ್ಧವೃತ್ತಾಕಾರವಾಗಿ ತಗಡು ಕತ್ತರಿಸಿ, ಜೋಡಣೆಗೆಂದು ಒಂದೂವರೆ ಸೆಂ.ಮೀ. ಹೆಚ್ಚಿಗೆ ಬಿಟ್ಟು ಸುತ್ತಿದರೆ 22 ಸೆಂ.ಮೀ. ಅಗಲ, ಸುಮಾರು 19 ಸೆಂ.ಮೀ. ಎತ್ತರದ ಶಂಕು ಆಗುತ್ತದೆ. ಅದರ ಇಳಿಜಾರು 60 ಅಂಶ. ತೌಡಿನ ಆಹಾರವೂ ಜಾರುತ್ತದೆ. ಶಂಕುವಿನ ಅಂಚಿಗೆ ಡಬ್ಬಿಯ ನಾಲ್ಕು ಮೂಲೆಗಳ ಕಡೆ ಬರುವಂತೆ ನಾಲ್ಕು ಕಿವಿಗಳನ್ನು ಬಿಟ್ಟಿದ್ದರೆ ಕಿವಿ, ಡಬ್ಬಿಯ ತಳ, ಪರಾತ ಮೂರನ್ನೂ ಅದೇ ನಾಲ್ಕು ಬೋಲ್ಟುಗಳಿಂದ ಬಿಗಿಯಬಹುದು. ಈ ಕೆಲಸ ಕೈಗೆ ಬಾರದವರು ತಗಡು ಕೆಲಸದವರಿಗೆ ಅಳತೆ ಹೇಳಿ ಮಾಡಿಸಿಕೊಳ್ಳುವುದು ಲೇಸು.

ಪರಾತದ ಅಂಚು ಕಿಂಡಿಗಿಂತ ಎತ್ತರವಾಗಿ, 6 ಸೆಂ.ಮೀ.ನಷ್ಟಾದರೂ ಇರಬೇಕು. ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿಸಿದರೆ ಇನ್ನೂ ಮೇಲು. ಡಬ್ಬಿಯಿಂದ ಪರಾತದ ಅಂಚಿಗೆ ಅಲ್ಲಲ್ಲಿ ತಂತಿ ಕಟ್ಟಿದರೆ ಕೋಳಿಗಳು ತಾಟಿನೊಳಗೆ ನಿಂತು ಕಾಲಿನಿಂದ ಕೆದರುವುದು ನಿಲ್ಲುತ್ತದೆ. ಮುಚ್ಚಳಕ್ಕೆ 65 ಸೆಂ.ಮೀ. ಅಗಲದ ದುಂಡು ತಗಡನ್ನು ಅಂಚಿನಿಂದ ನಡುವಿನವರೆಗೆ ಒಂದು ಕಡೆ ಕತ್ತರಿಸಿ, ಸ್ವಲ್ಪ ಒಂದರ ಮೇಲೊಂದು ಎಳೆದು ರಿವೆಟ್ ಹೊಡೆದರೆ ಕೊಡೆಯಂತಾಗುತ್ತದೆ. ಸಮತಟ್ಟಾದ ಮುಚ್ಚಳ ಬೇಡ. ಕೋಳಿ ಅದರ ಮೇಲೇರಿ ಕುಳಿತು ಹಿಕ್ಕೆ ಹಾಕುತ್ತದೆ, ಅದು ಕೆಳಗಿನ ತಾಟಿಗೇ ಬೀಳುತ್ತದೆ. ಡಬ್ಬಿಯ ಮೇಲಂಚಿನ ಎರಡು ತೂತುಗಳಿಗೆ ಬಕೆಟ್ಟಿನ ಹಿಡಿಯಂತೆ ತಂತಿ ಹಾಕಿ, ಅದನ್ನು ಮುಚ್ಚಳದ ನಡುವಿನ ತೂತಿನಿಂದ ಮೇಲೆ ತಂದು ಜಂತಿಗೆ ಕೊಂಡಿಯಿಂದ ತೂಗುಹಾಕಬೇಕು. ಆಹಾರ ತುಂಬುವಾಗ ಮುಚ್ಚಳವನ್ನು ತಂತಿಯ ಗುಂಟ ಮೇಲಕ್ಕೆ ಸರಿಸಿದರಾಯಿತು.

ಈಚೆಗೆ 4 ಇಂಚಿನ ಪಿವಿಸಿ ಕೊಳವೆಗೆ ಕೆಳಗೊಂದು ಬಾಗು ಜೋಡಿಸಿ ಗೋಡೆಗೆ ನಿಲ್ಲಿಸುವವರೂ ಇದ್ದಾರೆ. ನೋಡಲು ಅಂದ, ಮಾಡಲು ಸುಲಭ. ಬರೀ ಕಾಳಿಗೆ ಅಡ್ಡಿಯಿಲ್ಲ. ಹಿಟ್ಟಿನ ಆಹಾರ ಮಾತ್ರ ಬಾಗಿನಲ್ಲಿ ಕಟ್ಟಿಕೊಳ್ಳುತ್ತದೆ, ಒಳಗೆ ಕೈ ಹಾಕಿ ಒರೆಸಲು ಬರುವುದಿಲ್ಲ. ಮಳೆಗಾಲದಲ್ಲಿ ಅದನ್ನು ನಾನು ಶಿಫಾರಸು ಮಾಡಲಾರೆ.

ಎತ್ತರ ಮತ್ತು ವೇಳೆ

ಪರಾತದ ಅಂಚು ನಿಂತ ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ತಗ್ಗಾದರೆ ಕೆದರುತ್ತದೆ, ಎತ್ತರವಾದರೆ ಸಣ್ಣ ಕೋಳಿಗಳಿಗೆ ಎಟುಕದು. ಕೋಳಿಗಳನ್ನು ಬೆಳಿಗ್ಗೆ ಕೆದರಿ ತಿನ್ನಲು ಹೊರಗೆ ಬಿಟ್ಟು, ಸಂಜೆ ನಾಲ್ಕರ ಹೊತ್ತಿಗೆ ಡಬ್ಬಿಯನ್ನು ತೂಗುಹಾಕುವುದು ಉತ್ತಮ. ದಿನವಿಡೀ ಕಾಳು ಎದುರಿಗಿದ್ದರೆ ಹಿತ್ತಲ ಕೋಳಿ ಹುಳು ಹುಡುಕುವ ಕಷ್ಟ ಪಡುವುದಿಲ್ಲ. ಪುಕ್ಕಟೆ ಸಿಗುವ ಒಳ್ಳೆಯ ಪ್ರೋಟೀನನ್ನು ನಾವೇ ತಪ್ಪಿಸಿದಂತಾಗುತ್ತದೆ. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ, ಇಲಿ ತಿನ್ನುತ್ತದೆ. ಆದ್ದರಿಂದ ರಾತ್ರಿ ಡಬ್ಬಿಯನ್ನು ಕೊಂಡಿಯಿಂದ ಇಳಿಸಿ, ಇಲಿ ನುಗ್ಗದಂತೆ ಒಳಗಿಟ್ಟು ಮುಚ್ಚಬೇಕು. ಇಲಿ ತಿಂದದ್ದಕ್ಕಿಂತ ಉಚ್ಚೆ, ಹಿಕ್ಕೆಗಳಿಂದ ಕೆಡಿಸಿದ್ದೇ ಹೆಚ್ಚು. ಇರುವೆಗಳ ಕಾಟವಿದ್ದರೆ ತೂಗುತಂತಿಗೆ ನಾಲ್ಕು ಬೆರಳಿನಷ್ಟು ಗ್ರೀಸು ಸವರಿರಿ.

ಮಳೆಗಾಲದ ಎಚ್ಚರಿಕೆ

ಶಂಕು ಕೂಡಿಸಿದ ಡಬ್ಬಿಯಲ್ಲಿ ಗೋವಿನಜೋಳದ ನುಚ್ಚು ಸುಮಾರು 11 ಕಿಲೋ, ಹಿಟ್ಟಿನ ಆಹಾರ 8 ಕಿಲೋ ಹಿಡಿಯುತ್ತದೆ. 20 ಕೋಳಿಗಳಿಗೆ ಒಂದು ವಾರದ ಆಹಾರ. ಬೇಸಿಗೆಯಲ್ಲಿ ಹೀಗೆ ತುಂಬಲು ಅಡ್ಡಿಯಿಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ದಿನಕ್ಕಾಗುವ ಮೂರೂವರೆ ಕಿಲೋಗಿಂತ ಹೆಚ್ಚು ಹಾಕಕೂಡದು. ಕಲಘಟಗಿ, ಅಳ್ನಾವರ ಕಡೆಯ ಜಿಟಿಜಿಟಿ ಮಳೆಯಲ್ಲಿ ಎರಡು ದಿನಕ್ಕಾಗುವಷ್ಟು ಸಾಕು. ಡಬ್ಬಿ ದೊಡ್ಡದಿದೆ ಎಂದು ತುಂಬುವುದರಿಂದಲೇ ಹೆಚ್ಚಿನ ಹಾನಿ.

ತೇವ ತಗುಲಿದ ಗೋವಿನಜೋಳ, ಶೇಂಗಾ ಹಿಂಡಿಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂಥ ವಿಷವಿದ್ದ ಶೇಂಗಾ ಹಿಂಡಿಯಿಂದ. ಈ ವಿಷವನ್ನು ಜಗತ್ತು ಗುರುತಿಸಿದ್ದೇ ಆ ಘಟನೆಯ ಬೆನ್ನಿಗೆ. ನಮ್ಮ ಹಿತ್ತಲಲ್ಲಿ ಹಾಗೆ ರಾಶಿಗಟ್ಟಲೆ ಸಾಯುವುದಿಲ್ಲವಾದ್ದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಕೋಳಿ ಮಂಕಾಗುತ್ತದೆ, ತತ್ತಿ ಕಡಿಮೆಯಾಗುತ್ತದೆ, ಪಿತ್ತಜನಕಾಂಗ ಕೆಡುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುವುದರಿಂದ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ದರೂ ಅದು ಸರಿಯಾಗಿ ಹತ್ತುವುದಿಲ್ಲ. ಲಸಿಕೆಯನ್ನು ದೂರುತ್ತೇವೆ, ಕಾಳಿನ ಡಬ್ಬಿಯನ್ನು ಮೂಸಿ ನೋಡುವುದಿಲ್ಲ.

ಮನುಷ್ಯರಿಗೆ ಆಗದ ಬೂಷ್ಟು ಹಿಡಿದ ಕಾಳನ್ನು ಕೋಳಿಗೆ ಹಾಕುವ ರೂಢಿ ಎಲ್ಲೆಡೆ ಉಂಟು. 1995ರಲ್ಲಿ ದಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಅಲ್ಲಿ ಕಂಡುಬಂದದ್ದು ಫ್ಯುಮೊನಿಸಿನ್ ಎಂಬ ಇನ್ನೊಂದು ಶಿಲೀಂಧ್ರ ವಿಷ. ಹುರಿಯುವುದು, ತೊಳೆಯುವುದು, ಬಿಸಿಲಿಗೆ ಹಾಕುವುದು ಇವುಗಳಿಂದ ಬೂಷ್ಟಿನ ವಾಸನೆ ಹೋಗಬಹುದು, ಒಳಗಿನ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಅಂಥ ಕಾಳು ತಿಪ್ಪೆಗೇ ಸರಿ, ಅದೂ ಕೋಳಿ ಕೆದರದಂತೆ ಮುಚ್ಚಿ.

ಕಾಳಿನ ತೇವವನ್ನು ಮನೆಯಲ್ಲೇ ತಿಳಿಯಲು ಒಂದು ಉಪಾಯವಿದೆ. ತವೆಯ ಮೇಲೆ ಹುರಿದು ಆರಿಸಿದ ಎರಡು ಮೂರು ಚಮಚ ಪುಡಿ ಉಪ್ಪನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ, ಮೂರನೇ ಒಂದು ಭಾಗದಷ್ಟು ಕಾಳು ಸುರಿದು ಮುಚ್ಚಿ ಒಂದು ನಿಮಿಷ ಕುಲುಕಿರಿ. ಕಾಲು ಗಂಟೆಯ ನಂತರ ಉಪ್ಪು ಗಾಜಿಗೆ ಅಂಟಿದ್ದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೇವ ಇದೆ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಣಿಸಿ, ಹಲ್ಲಿನಲ್ಲಿ ಕಡಿದರೆ ಕಟ್ ಎನ್ನುವಂತಾದ ಮೇಲೆಯೇ ಚೀಲ ಕಟ್ಟಬೇಕು.

ತತ್ತಿ ಇಡುವ ಕೋಳಿಗಳಿಗೆ 10 ಕಿಲೋ ಆಹಾರವನ್ನು ಮನೆಯಲ್ಲೇ ಬೆರೆಸಬಹುದು: ಗೋವಿನಜೋಳ ಅಥವಾ ಜೋಳದ ನುಚ್ಚು 5.5 ಕಿಲೋ, ಸೋಯಾ ಹಿಂಡಿ 2 ಕಿಲೋ, ತೌಡು 2.2 ಕಿಲೋ, ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಸುಮಾರು ಶೇಕಡಾ 16ರಷ್ಟು ಪ್ರೋಟೀನು ದೊರೆಯುತ್ತದೆ. ಸೋಯಾ ನಮ್ಮ ಹೊಲದಲ್ಲೇ ಬೆಳೆಯುತ್ತದಲ್ಲ ಎಂದು ಹಸಿ ಕಾಳನ್ನು ಒಡೆದು ಹಾಕುವುದು ಬೇಡ. ಪ್ರೋಟೀನು ಅರಗದಂತೆ ತಡೆಯುವ ಅಂಶ ಅದರಲ್ಲಿದೆ. ಕಾರ್ಖಾನೆಯಲ್ಲಿ ಕಾಯಿಸಿದ ಹಿಂಡಿಯಲ್ಲಿ ಅದು ಬಹುತೇಕ ನಾಶವಾಗಿರುತ್ತದೆ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಿನಲ್ಲಿಡಿ. ಡಬ್ಬಿಯಲ್ಲಿ ಬೆರೆಸಿದರೆ ಮರಿಗಳೂ ತಿನ್ನುತ್ತವೆ, ಬೆಳೆಯುವ ಮರಿಗಳ ಮೂತ್ರಪಿಂಡಕ್ಕೆ ಅಷ್ಟು ಸುಣ್ಣ ಹಾನಿಕರ. ಮರಿಗಳಿಗೆ ತಗ್ಗಾದ ಬೇರೊಂದು ತಾಟು ಇರಲಿ.

ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ವಾರಕ್ಕೊಮ್ಮೆ ಡಬ್ಬಿ ಪೂರ್ತಿ ಖಾಲಿಯಾದ ಮೇಲೆ ಬೋರಲು ಹಾಕಿ ತಟ್ಟಿರಿ. ನಾಲ್ಕು ಮೂಲೆಗಳಲ್ಲಿ ಹಿಡಿಯಷ್ಟು ಆಹಾರ ನಿಂತೇ ಇರುತ್ತದೆ. ಒಣ ಬ್ರಶ್ಶಿನಿಂದ ತೆಗೆದು, ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಒಲೆಯ ಪಕ್ಕ ಒಣಗಿಸಿ ಮತ್ತೆ ತುಂಬಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯಕೂಡದು.