ಲೋಕಲ್ ಗಾಡಿಯಲ್ಲಿ ಓಟಿಪಿ

ಮುಂಬಯಿಯ ಡೊಂಬಿವಲಿ ಫಾಸ್ಟ್ ಲೋಕಲಿನಲ್ಲಿ ನೇತಾಡುತ್ತಾ ಊರಿಗೆ ಫೋನ್ ಮಾಡಿ ಓಟಿಪಿ ಹೇಳುವಾಗ ನಮಗೊಂದು ಭಂಡ ಧೈರ್ಯ: ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ? ಮಾರಾಯ್ರೇ, ಡೊಂಬಿವಲಿ ಗಾಡಿಯಲ್ಲಿ ಕನ್ನಡ, ತುಳು ಬಲ್ಲವರಿಗೆ ಬರವೇ! ಅದೂ ಇರಲಿ, ಓಟಿಪಿಯನ್ನು ನಾವು ಓದಿ ಹೇಳುವುದು ‘ಫೋರ್, ಸೆವೆನ್, ಟೂ’ ಎಂದೇ. ಅದಕ್ಕೆ ದುಭಾಷಿ ಬೇಕಿಲ್ಲ. ಅದು ಯಾರಿಗೂ ಹೇಳಬಾರದ ಸಂಖ್ಯೆ. ಮನೆಯವರಿಗೆ ಹೇಳಲೇಬೇಕಾಗಿ ಬಂದರೂ ಗಾಡಿ ಇಳಿದ ಮೇಲೆ ಹೇಳಿ.

ಇನ್ನು ಬಾಡಿಗೆ ಮನೆ. 11 ತಿಂಗಳ ಕರಾರು ಮುಗಿದಾಗಲೆಲ್ಲ ಹೊಸ ಏಜೆಂಟ್, ಅವನ ವಾಟ್ಸಾಪಿಗೆ ನಮ್ಮ ಆಧಾರ್ ಕಾರ್ಡಿನ ಫೋಟೊ. ಮನೆ ಕುದುರದಿದ್ದರೂ ಫೋಟೊ ಅವನಲ್ಲೇ ಉಳಿಯುತ್ತದೆ. ಮಾತುಕತೆಯ ಹಂತದಲ್ಲಿ ಮಾಸ್ಕ್ಡ್ ಆಧಾರ್ ಸಾಕು. ಯುಐಡಿಎಐ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಫೋನಿನಲ್ಲೇ ಬಲೆ ಬೀಸುವವರೂ ಇದ್ದಾರೆ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನು ‘ಡಿಜಿಟಲ್ ಅರೆಸ್ಟ್’ ಎಂದರೆ ಫೋನ್ ಇಡಿ. ನಮ್ಮ ಕಾನೂನಿನಲ್ಲಿ ಅಂಥದ್ದೇ ಇಲ್ಲ.

ಇಷ್ಟರ ಮೇಲೂ ದುಡ್ಡು ಹೋದರೆ, ಯಾರು ಏನೆನ್ನುತ್ತಾರೋ ಎಂದು ನಾಚಿ ಕೂರಬೇಡಿ. ಅದು ಬೇರೆ ಖಾತೆಗಳಿಗೆ ಹಂಚಿಹೋಗುವ ಮುನ್ನ ತಡೆಹಿಡಿಯಬೇಕು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.