ಟಾರ್ಚ್ ಕೊಂಡ ದಿನವೇ ಪರೀಕ್ಷಿಸಿ

ಜೇಬಿನ ಟಾರ್ಚಿನ ಡಬ್ಬಿಯ ಮೇಲೆ ‘1000 ಲ್ಯೂಮೆನ್, 3 ಗಂಟೆ’ ಎಂದಿದ್ದರೆ, ಮೂರು ಗಂಟೆಯೂ ಅಷ್ಟೇ ಬೆಳಕು ಸಿಗುತ್ತದೆ ಎಂದುಕೊಳ್ಳಬೇಡಿ. ಟಾರ್ಚುಗಳನ್ನು ಅಳೆಯುವ ಎಫ್‌ಎಲ್1 ಮಾನದಂಡದ ಪ್ರಕಾರ, ಆರಂಭದ ಬೆಳಕು ಶೇ 10ಕ್ಕೆ ಇಳಿಯುವವರೆಗಿನ ಅವಧಿಯೆಲ್ಲ ಲೆಕ್ಕಕ್ಕೆ ಸೇರುತ್ತದೆ. ಕೊನೆಗೆ ಉಳಿಯುವುದು 100 ಲ್ಯೂಮೆನ್ ಮಾತ್ರ.

ಬೆಳಕು ಹೀಗೆ ಇಳಿಯಲು ಬಿಸಿಯೂ ಕಾರಣ. ಪುಟ್ಟ ಲೋಹದ ಕವಚ ಬೇಗ ಕಾಯುವುದರಿಂದ, ಒಳಗಿನ ಸರ್ಕ್ಯೂಟ್ ಕೆಲವೇ ನಿಮಿಷಗಳಲ್ಲಿ ಬೆಳಕು ತಗ್ಗಿಸುತ್ತದೆ.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಪೂರ್ತಿ ಚಾರ್ಜ್ ಮಾಡಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಚಾವಣಿಯತ್ತ ಮುಖಮಾಡಿ ನಿಲ್ಲಿಸಿ. ಪಕ್ಕದಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ತೆರೆದ ಮೊಬೈಲನ್ನು ಅಂಗಾತ ಇಡಿ. 30ನೇ ಸೆಕೆಂಡಿನ ಅಂಕಿ ಬರೆದುಕೊಂಡು, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನೋಡಿ. ಅದು ಅರ್ಧಕ್ಕಿಳಿದ ಹೊತ್ತನ್ನು ಗುರುತಿಸಿ. ಟಾರ್ಚ್ ಉರಿಯುವಷ್ಟು ಹೊತ್ತು ಹತ್ತಿರವೇ ಇರಿ.

ಮಧ್ಯಮ ಬೆಳಕಿನಲ್ಲೂ ಇದೇ ಪರೀಕ್ಷೆ ಮಾಡಿ. ದಿನಬಳಕೆಗೆ ಹೆಚ್ಚು ಬೇಕಾಗುವುದು ಅದೇ.